ಸ್ಕಿಪೋಲ್ ಪಕ್ಕದಲ್ಲಿ ಮಲಗಲು ಒಂದು ಜಾಗ

ಹೊರಡುವ ಮುಂಚೆ

ತಂಗಿ ಇರುವುದು ನಾರ್ವೆಯ ಬರ್ಗನ್‌ನಲ್ಲಿ. ಬೆಂಗಳೂರಿನಿಂದ ಅಲ್ಲಿಗೆ ನೇರ ವಿಮಾನ ಇಲ್ಲ. ಆಮ್‌ಸ್ಟರ್‌ಡ್ಯಾಮ್‌ವರೆಗೆ ಡಚ್ ಕಂಪನಿ ಕೆಎಲ್‌ಎಂನ ವಿಮಾನ ನೇರವಾಗಿ ಹೋಗುತ್ತದೆ, ಅಲ್ಲಿಂದ ಇನ್ನೊಂದು ಚಿಕ್ಕ ವಿಮಾನ. ನಾನು, ಅಣ್ಣ ಇಬ್ಬರೇ ಆಗಿದ್ದರೆ ಒಂದೇ ಏಟಿಗೆ ಹೋಗಿಬಿಡುತ್ತಿದ್ದೆವು. ಆದರೆ ಜೊತೆಗೆ ಅಮ್ಮ ಇದ್ದಳು. ಎಪ್ಪತ್ತು ದಾಟಿದೆ, ಎರಡೂ ಮಂಡಿ ನೋವು, ಸಾಗರದಿಂದ ಬೆಂಗಳೂರಿಗೆ ಬರುವಷ್ಟರಲ್ಲೇ ಕಾಲು ಬಾತುಕೊಂಡಿರುತ್ತದೆ. ಅದಕ್ಕೇ ಹೋಗುವಾಗಲೂ ಬರುವಾಗಲೂ ಆಮ್‌ಸ್ಟರ್‌ಡ್ಯಾಮ್‌ನ ಸ್ಕಿಪೋಲ್ ವಿಮಾನ ನಿಲ್ದಾಣದ ಹತ್ತಿರವೇ ಉಳಿದು, ನಿದ್ದೆ ಮಾಡಿ ಮುಂದೆ ಹೋಗೋಣ ಅಂತ ತೀರ್ಮಾನವಾಯಿತು.

ಹೋಟೆಲ್ ಹುಡುಕಲು ಕೂತರೆ ತಲೆ ಕೆಡುತ್ತದೆ. ಹೆಸರಿನಲ್ಲಿ ಸ್ಕಿಪೋಲ್ ಅಂತ ಇರುವ ಹೋಟೆಲ್‌ಗಳೆಲ್ಲ ಸ್ಕಿಪೋಲ್‌ನಲ್ಲಿ ಇಲ್ಲ. ಕೆಲವು ಟರ್ಮಿನಲ್‌ಗೆ ಅಂಟಿಕೊಂಡಿವೆ. ಕೆಲವು ಹೋಫ್ಡಾರ್ಪ್ ಅನ್ನುವ ಊರಿನಲ್ಲಿವೆ, ಕೆಲವು ಬಾದ್‌ಹೂವೆಡಾರ್ಪ್‌ನಲ್ಲಿ, ಇನ್ನು ಕೆಲವು ಹೆದ್ದಾರಿ ಪಕ್ಕದ ಬಯಲಿನಲ್ಲಿ. ಮ್ಯಾಪಿನಲ್ಲಿ ಎಲ್ಲವೂ ಹತ್ತಿರವೇ ಕಾಣುತ್ತವೆ. ಆದರೆ ಬೆಳಗಿನ ಜಾವ ನಾಲ್ಕೂವರೆಗೆ ಆ ನಾಲ್ಕೈದು ಕಿಲೋಮೀಟರ್ ದಾಟುವುದು ಹೇಗೆ ಅನ್ನುವುದನ್ನು ಮ್ಯಾಪ್ ಹೇಳುವುದಿಲ್ಲ. ಮಧ್ಯೆ ರನ್‌ವೇ ಇದೆ, ಹೆದ್ದಾರಿ ಇದೆ, ಕಾಲುವೆ ಇದೆ. ಸೂಟ್‌ಕೇಸ್ ಎಳೆದುಕೊಂಡು ನಡೆಯುವ ದಾರಿ ಅಲ್ಲ.

ಅಣ್ಣನಿಗೆ ದುಡ್ಡಿನ ಚಿಂತೆ, ನನಗೆ ಅಮ್ಮನ ಮಂಡಿಯ ಚಿಂತೆ. ಅವನು ಎಕ್ಸೆಲ್ ಶೀಟ್ ಮಾಡಿದ. ಕೋಣೆ ಬಾಡಿಗೆ ಒಂದು ಕಾಲಂ, ದೂರ ಒಂದು ಕಾಲಂ. ನಾನು ಅದಕ್ಕೆ ಇನ್ನಷ್ಟು ಕಾಲಂ ಸೇರಿಸಿದೆ: ಹೋಟೆಲ್‌ನಿಂದ ವಿಮಾನ ನಿಲ್ದಾಣಕ್ಕೆ ಬಿಡುವ ಮೊದಲ ಶಟಲ್ ಬಸ್ ಎಷ್ಟು ಗಂಟೆಗೆ, ಅದಕ್ಕೆ ತಲೆಗೆ ಎಷ್ಟು, ತಿಂಡಿ ಎಷ್ಟು ಗಂಟೆಗೆ ಶುರು, ಕೋಣೆಯಲ್ಲಿ ಬಿಸಿನೀರಿನ ಕೆಟಲ್ ಇದೆಯಾ. ಕೆಟಲ್ ವಿಷಯಕ್ಕೆ ಅವನು ನಕ್ಕ. ನಗಲಿ ಬಿಡಿ, ಅವಲಕ್ಕಿ ನೆನೆಸಲು ರಾತ್ರಿ ಹನ್ನೊಂದಕ್ಕೆ ರಿಸೆಪ್ಷನ್‌ಗೆ ಹೋಗಿ ಬಿಸಿನೀರು ಬೇಡುವವರು ಯಾರು?

ಪಾಸ್‌ಪೋರ್ಟ್ ತಪಾಸಣೆ ದಾಟಿದ ಮೇಲೆ, ಟರ್ಮಿನಲ್ ಒಳಗೇ, ಮರ್ಕ್ಯೂರ್ ಮತ್ತು ಯೋಟೆಲ್‌ಏರ್ ಅಂತ ಎರಡು ಹೋಟೆಲ್ ಇವೆ. ಕೆಲವು ಗಂಟೆಗಳ ಮಟ್ಟಿಗೂ ಕೋಣೆ ಕೊಡುತ್ತಾರೆ. ಅಮೆರಿಕಕ್ಕೋ ಕೆನಡಾಕ್ಕೋ ಹೋಗುವವರು, ಯುರೋಪಿನ ಹೆಚ್ಚಿನ ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾ ಇಲ್ಲದವರು, ರಾತ್ರಿ ಕಳೆಯಬೇಕಾದರೆ ಇವೇ ದಾರಿ. ಯಾಕೆಂದರೆ ನಮ್ಮ ಪಾಸ್‌ಪೋರ್ಟ್ ಇರುವವರು ಆ ವೀಸಾ ಇಲ್ಲದೆ ಹೊರಗಿನ ಹೋಟೆಲ್‌ಗೆ ಕಾಲಿಡುವ ಹಾಗಿಲ್ಲ. ಒಳಗೇ ಉಳಿದರೆ ಚೆಕ್ ಇನ್ ಮಾಡಿದ ಬ್ಯಾಗ್ ಕೈಗೆ ಸಿಗುವುದಿಲ್ಲ ಅನ್ನುವುದು ಮಾತ್ರ ನೆನಪಿರಬೇಕು. ಮಾತ್ರೆ, ಬೆಡ್‌ಶೀಟು, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಬೇಕು.

ನಮಗೆ ವೀಸಾ ಇತ್ತು. ಜಾಸ್ತಿ ದಿನ ಇರುವ ದೇಶಕ್ಕೆ ಅರ್ಜಿ ಹಾಕಬೇಕು ಅನ್ನುವುದು ಷೆಂಗೆನ್ ನಿಯಮ, ಹಾಗಾಗಿ ನಾವು ನಾರ್ವೆಗೆ ಹಾಕಿದ್ದು. ಅದೇ ವೀಸಾ ನೆದರ್‌ಲ್ಯಾಂಡ್ಸ್‌ಗೂ ನಡೆಯುತ್ತದೆ. ಅರ್ಜಿಯ ಜೊತೆ ಪ್ರತಿ ರಾತ್ರಿ ಎಲ್ಲಿ ಮಲಗುತ್ತೀರಿ ಅಂತ ತೋರಿಸಬೇಕು. ವೀಸಾ ಬರುವುದೇ ಗ್ಯಾರಂಟಿ ಇಲ್ಲದಾಗ ದುಡ್ಡು ವಾಪಸ್ ಕೊಡದ ಅಗ್ಗದ ದರಕ್ಕೆ ಬುಕ್ ಮಾಡುವುದು ಜೂಜು. ನಾಲ್ಕು ಕಾಸು ಹೆಚ್ಚಾದರೂ ರದ್ದು ಮಾಡಬಹುದಾದ ಕೋಣೆಯನ್ನೇ ಹಿಡಿದೆವು.

ಇನ್ನೊಂದು ಗೋಳು, ಮೂರು ಜನ. ನಮ್ಮ ಕಡೆ ಲಾಡ್ಜ್‌ನಲ್ಲಿ ಒಂದು ಹಾಸಿಗೆ ಜಾಸ್ತಿ ಹಾಕ್ರಿ ಅಂದರೆ ಮುಗಿಯಿತು. ಇಲ್ಲಿ ಹೆಚ್ಚಿನ ಕೋಣೆಗಳಿಗೆ ಇಬ್ಬರೇ ಮಿತಿ. ಅಗ್ಗ ಅಂತ ಕಂಡ ಹೋಟೆಲ್‌ಗಳಲ್ಲಿ ಅರ್ಧದಷ್ಟು, ಮೂರು ದೊಡ್ಡವರು ಅಂತ ಹಾಕಿದ ಕೂಡಲೇ ಪಟ್ಟಿಯಿಂದ ಮಾಯ, ಇಲ್ಲವೇ ಎರಡು ಕೋಣೆ ತಗೊಳ್ಳಿ ಅನ್ನುತ್ತವೆ. ಒಂದರಲ್ಲಂತೂ ಮಂಚ ಗೋಡೆಯಿಂದ ಗೋಡೆಗೆ ಇತ್ತು. ಒಳಗಡೆ ಮಲಗಿದವರು ರಾತ್ರಿ ಎದ್ದರೆ ಪಕ್ಕದವರನ್ನು ಹತ್ತಿ ಇಳಿಯಬೇಕು. ಅಮ್ಮನ ಕೈಲಿ ಆಗುವ ಕೆಲಸವಾ ಅದು?

ತೆರಿಗೆ ಬೇರೆ. 2024ರಿಂದ ಆಮ್‌ಸ್ಟರ್‌ಡ್ಯಾಮ್ ನಗರ ಕೋಣೆ ದರದ ಮೇಲೆ 12.5 ಪ್ರತಿಶತ ಪ್ರವಾಸಿ ತೆರಿಗೆ ಹಾಕುತ್ತದೆ. ಸ್ಕಿಪೋಲ್ ಮತ್ತು ಹೋಫ್ಡಾರ್ಪ್ ಸೇರುವುದು ಹಾರ್ಲೆಮರ್‌ಮೀರ್ ಅನ್ನುವ ಬೇರೆ ಪುರಸಭೆಗೆ, ಅದರ ತೆರಿಗೆ ಬೇರೆ. ಸಾಲದ್ದಕ್ಕೆ 2026ರ ಜನವರಿಯಿಂದ ಹೋಟೆಲ್ ಕೋಣೆಯ ವ್ಯಾಟ್ 9ರಿಂದ 21 ಪ್ರತಿಶತಕ್ಕೆ ಏರಿದೆ, ಹಳೆಯ ಪ್ರವಾಸ ಕಥನಗಳಲ್ಲಿ ಓದಿದ ದರಗಳನ್ನು ಮರೆತುಬಿಡಿ. ಮೊದಲ ಪುಟದಲ್ಲಿ ಕಾಣುವ ಬೆಲೆಗೂ ಕೊನೆಗೆ ಕಾರ್ಡ್ ಉಜ್ಜುವ ಬೆಲೆಗೂ ವ್ಯತ್ಯಾಸ ಇರುತ್ತದೆ. ಹಾಗಾಗಿ ಕೊನೆಯ ಪುಟದವರೆಗೆ ಹೋಗಿ ಬಂದ ಮೊತ್ತವನ್ನೇ ಶೀಟಿನಲ್ಲಿ ಬರೆದುಕೊಂಡೆವು. ಏಪ್ರಿಲ್ 27 ಅಲ್ಲಿನ ರಾಜನ ಹುಟ್ಟುಹಬ್ಬ, ಊರೆಲ್ಲ ಕಿತ್ತಳೆ ಬಣ್ಣ, ಹೋಟೆಲ್ ದರ ಆಕಾಶಕ್ಕೆ. ಅದಕ್ಕೆ ಮುಂಚೆಯೇ ವಾಪಸ್ ಬರುವ ಹಾಗೆ ತಾರೀಖು ಹಾಕಿಕೊಂಡೆವು.

ಆಮ್‌ಸ್ಟೆಲ್‌ವೀನ್‌ನಲ್ಲಿ ಅಣ್ಣನ ಕಾಲೇಜು ಗೆಳೆಯ ಒಬ್ಬ ಇದ್ದಾನೆ. ಅದು ಸ್ಕಿಪೋಲ್ ಪಕ್ಕದ ಊರು, ಐಟಿ ಕೆಲಸಕ್ಕೆ ಹೋದ ನಮ್ಮ ದೇಶದವರು ತುಂಬ ಜನ ಅಲ್ಲೇ ಮನೆ ಮಾಡಿಕೊಂಡಿದ್ದಾರೆ. ಸುದ್ದಿ ಗೊತ್ತಾದ ಕೂಡಲೇ ಫೋನ್ ಮಾಡಿ ಬೈದ. "ಹೋಟೆಲ್ ಯಾಕೋ ನಿಂಗೆ? ನಮ್ಮನೆ ಇಲ್ವಾ?" ಮನೆ ಇದೆ, ಮನಸ್ಸೂ ದೊಡ್ಡದು, ಆದರೆ ಅವರ ಮಲಗುವ ಕೋಣೆಗಳೆಲ್ಲ ಮಹಡಿ ಮೇಲೆ. ಡಚ್ ಮನೆಯ ಮೆಟ್ಟಿಲು ನೋಡಿದವರಿಗೆ ಗೊತ್ತು, ಅಟ್ಟಕ್ಕೆ ಇಟ್ಟ ಏಣಿಯ ಹಾಗೆ ಇರುತ್ತವೆ. ಊಟಕ್ಕೆ ಸಿಗೋಣ ಅಂತ ಸಮಾಧಾನ ಮಾಡಿದೆವು.

ಕೊನೆಗೆ ರಾಜಿ ಆಯಿತು. ಹೋಗುವಾಗ ಹೋಫ್ಡಾರ್ಪ್‌ನಲ್ಲಿ, ಶಟಲ್ ಇರುವ, ಮೂರು ಹಾಸಿಗೆಯ ಕೋಣೆ ಇರುವ ಹೋಟೆಲ್. ಅದು ಅಣ್ಣನ ಆಯ್ಕೆ. ಬರುವಾಗ, ರಾತ್ರಿ ತಡವಾಗಿ ಇಳಿಯುವುದರಿಂದ, ಟರ್ಮಿನಲ್‌ನಿಂದ ನಡೆದೇ ತಲುಪುವ ಹೋಟೆಲ್. ಅದು ನನ್ನದು.

ಬುಧವಾರ

ಬೆಂಗಳೂರಿನಿಂದ ಅಪರಾತ್ರಿಯಲ್ಲಿ ಹೊರಟ ವಿಮಾನ ಬೆಳಿಗ್ಗೆ ಸ್ಕಿಪೋಲ್‌ಗೆ ಇಳಿಸಿತು. ಅಮ್ಮನಿಗೆ ಗಾಲಿಕುರ್ಚಿ ಹೇಳಿದ್ದೆವು. ಯುರೋಪಿನ ನಿಯಮದ ಪ್ರಕಾರ ಇದು ಉಚಿತ, ಆದರೆ 48 ಗಂಟೆ ಮುಂಚೆ ವಿಮಾನ ಕಂಪನಿಗೆ ತಿಳಿಸಬೇಕು. ಅಮ್ಮನಿಗೆ ಮೊದಲು ನಾಚಿಕೆ. "ನಂಗೆ ನಡೆಯೋಕೆ ಬರತ್ತಪ್ಪ" ಅಂದಳು. ಮೊದಲ ತಿರುವಿನಲ್ಲಿ ಕಾಣುವಷ್ಟು ದೂರಕ್ಕೂ ಹಬ್ಬಿದ ಕಾರಿಡಾರ್ ನೋಡಿದ ಮೇಲೆ ಸುಮ್ಮನೆ ಕೂತಳು.

ಪಾಸ್‌ಪೋರ್ಟ್ ಕೌಂಟರ್‌ನಲ್ಲಿ ಈಗ ಹೊಸ ಪದ್ಧತಿ. 2025ರ ಅಕ್ಟೋಬರ್‌ನಿಂದ ಹೊರ ದೇಶದವರ ಬೆರಳಚ್ಚು, ಮುಖದ ಫೋಟೊ ದಾಖಲು ಮಾಡಿಕೊಳ್ಳಲು ಶುರು ಮಾಡಿದ್ದಾರೆ. ಅದಕ್ಕೆ ಹೊತ್ತು ಹಿಡಿಯುತ್ತದೆ. ಅಡಿಕೆ ಸುಲಿದು ಸುಲಿದು ಅಮ್ಮನ ಬೆರಳ ತುದಿ ಸವೆದಿದೆ, ಮಿಷನ್ ಹಿಡಿಯಲೇ ಇಲ್ಲ. ಅಧಿಕಾರಿ ತಾಳ್ಮೆಯಿಂದ ಮತ್ತೆ ಮತ್ತೆ ಒತ್ತಿಸಿದರು. ಈ ರಾತ್ರಿ ಎಲ್ಲಿ ಉಳಿಯುತ್ತೀರಿ ಅಂತ ಕೇಳಿದರು. ಅಣ್ಣ ಹೋಟೆಲ್ ಬುಕಿಂಗ್ ಕಾಗದ ಮುಂದಿಟ್ಟ. ಮೊಬೈಲ್‌ನಲ್ಲಿ ಇದ್ದರೂ ಪ್ರಿಂಟ್ ಇದ್ದರೆ ಒಳ್ಳೆಯದು.

ಹೊರಗೆ ಬಂದರೆ ಸ್ಕಿಪೋಲ್ ಪ್ಲಾಜಾ. ಕೆಂಪು ಬಿಳಿ ಚೌಕದ ದೊಡ್ಡ ಘನಾಕೃತಿ ಒಂದು ಇದೆ, ಯಾರನ್ನಾದರೂ ಕಾಯುವವರೆಲ್ಲ ಅಲ್ಲೇ ನಿಂತಿರುತ್ತಾರೆ. ಸ್ಕಿಪೋಲ್‌ನ ಒಳ್ಳೆಯ ಗುಣ ಅಂದರೆ ಇಡೀ ನಿಲ್ದಾಣ ಒಂದೇ ಟರ್ಮಿನಲ್. ಲಂಡನ್‌ನಲ್ಲೋ ಪ್ಯಾರಿಸ್‌ನಲ್ಲೋ ಆಗುವ ಹಾಗೆ ಯಾವ ಟರ್ಮಿನಲ್‌ನ ಹೋಟೆಲ್ ಅಂತ ಒದ್ದಾಡುವ ಪ್ರಮೇಯ ಇಲ್ಲ. ಪ್ಲಾಜಾದ ನೆಲದಡಿಯಲ್ಲೇ ರೈಲು ನಿಲ್ದಾಣ. ಆಮ್‌ಸ್ಟರ್‌ಡ್ಯಾಮ್ ಸೆಂಟ್ರಲ್‌ಗೆ ಕಾಲು ಗಂಟೆ ಚಿಲ್ಲರೆ, ಹೋಫ್ಡಾರ್ಪ್‌ಗೆ ಒಂದೇ ಸ್ಟೇಷನ್. ಟಿಕೆಟ್ ಕೊಳ್ಳುವುದೇ ಬೇಡ, ಬ್ಯಾಂಕ್ ಕಾರ್ಡನ್ನು ಹೋಗುವಾಗ ಒಮ್ಮೆ, ಇಳಿದಾಗ ಒಮ್ಮೆ ಮುಟ್ಟಿಸಿದರೆ ಸಾಕು. ಇಳಿದಾಗ ಮುಟ್ಟಿಸದೆ ಹೋದರೆ ಜಾಸ್ತಿ ದುಡ್ಡು ಹೋಗುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್ ಬೇಕು ಅನ್ನುವುದು ಇನ್ನೊಂದು.

ಅಲ್ಲೇ ಇರುವ ಆಲ್ಬರ್ಟ್ ಹೈನ್ ಅಂಗಡಿಯಲ್ಲಿ ಮೊಸರು, ಬಾಳೆಹಣ್ಣು, ಬ್ರೆಡ್ ತಗೊಂಡೆವು. ಟ್ಯುಲಿಪ್ ತೋಟ ಕ್ಯೂಕನ್‌ಹಾಫ್‌ಗೆ ನೇರ ಬಸ್ ಇಲ್ಲಿಂದಲೇ ಹೊರಡುತ್ತದೆ, 858ನೇ ನಂಬರ್. ಏಪ್ರಿಲ್ ಅಲ್ವಾ, ಸಾಲು ಉದ್ದ ಇತ್ತು. ಅಣ್ಣ ಆಸೆಯಿಂದ ನೋಡಿದ. ಅಮ್ಮನ ಪಾದ ನೋಡಿ ಸುಮ್ಮನಾದ.

ಬೆಂಗಳೂರಿನಿಂದ ಬರುವವರು ಇದನ್ನು ಮುಖ್ಯವಾಗಿ ಗಮನಿಸಬೇಕು. ನಾವು ಇಳಿಯುವುದು ಬೆಳಿಗ್ಗೆ. ಯುರೋಪಿನ ಹೋಟೆಲ್ ಕೋಣೆ ಕೊಡುವುದು ಸಾಮಾನ್ಯವಾಗಿ ಮಧ್ಯಾಹ್ನ ಮೂರಕ್ಕೆ. ರಾತ್ರಿಯೆಲ್ಲ ಕುರ್ಚಿಯಲ್ಲಿ ಕೂತು ಬಂದ ಮುದುಕಿಯನ್ನು ಲಾಬಿಯ ಸೋಫಾದಲ್ಲಿ ಅರ್ಧ ದಿನ ಕೂರಿಸುವುದಾದರೆ ಹತ್ತಿರದ ಹೋಟೆಲ್ ಯಾತಕ್ಕೆ? ನಾನು ಮೊದಲೇ ಹೋಟೆಲ್‌ಗೆ ಮೇಲ್ ಬರೆದು, ಇಷ್ಟು ಯೂರೋ ಹೆಚ್ಚು ಕೊಟ್ಟರೆ ಹನ್ನೊಂದಕ್ಕೇ ಕೋಣೆ ಅಂತ ಉತ್ತರ ತರಿಸಿಕೊಂಡಿದ್ದೆ. ಬುಕಿಂಗ್ ಆ್ಯಪ್‌ನಲ್ಲಿ ಬೇಡಿಕೆ ಅಂತ ಟಿಕ್ ಮಾಡಿದರೆ ಸಾಲದು, ಅವರು ಬರಹದಲ್ಲಿ ಒಪ್ಪಬೇಕು.

ಶಟಲ್ ನಿಲ್ಲುವ ಜಾಗ ಹೊರಗಡೆ, ಗಾಳಿ ಬೀಸುವ ಕಡೆ. ಏಪ್ರಿಲ್ ಬಿಸಿಲು ಕಣ್ಣಿಗೆ ಮಾತ್ರ, ಮೈಗೆ ತಾಗುವುದಿಲ್ಲ. ಬೇರೆ ಬೇರೆ ಹೋಟೆಲ್‌ಗಳ ವ್ಯಾನ್ ಬಂದವು, ಹೋದವು, ನಮ್ಮದು ಅರ್ಧ ಗಂಟೆಗೊಮ್ಮೆ. ಗಾಲಿಕುರ್ಚಿಯವರು ನಿಲ್ದಾಣದ ಗಡಿ ದಾಟಿ ಬರುವುದಿಲ್ಲ, ಹಾಗಾಗಿ ವ್ಯಾನ್ ಹತ್ತಿಸುವುದು ನಮ್ಮದೇ ಕೆಲಸ. ಮೆಟ್ಟಿಲು ಎತ್ತರ ಇತ್ತು. ಅಮ್ಮ ಒಂದು ಕೈ ಬಾಗಿಲಿಗೆ, ಇನ್ನೊಂದು ಕೈ ಅಣ್ಣನ ಹೆಗಲಿಗೆ ಕೊಟ್ಟು, ಸೀರೆ ನೆರಿಗೆ ಹಲ್ಲಲ್ಲಿ ಕಚ್ಚಿಕೊಂಡು ಹತ್ತಿದಳು. ನಾನು ಅಣ್ಣನ ಮುಖ ನೋಡಿದೆ. ಅವನು ಕಿಟಕಿ ಕಡೆ ತಿರುಗಿದ.

ಕೋಣೆ ಚೆನ್ನಾಗಿತ್ತು, ಅದನ್ನು ಹೇಳಲೇಬೇಕು. ಮೂರು ಮಂಚ, ಕೆಟಲ್, ಸ್ನಾನಕ್ಕೆ ಟಬ್ ಇಲ್ಲದ ಸಮ ನೆಲದ ಬಚ್ಚಲು. ಟಬ್ ದಾಟಿ ಸ್ನಾನ ಮಾಡುವುದು ವಯಸ್ಸಾದವರಿಗೆ ಅಪಾಯ, ಫೋಟೊ ನೋಡುವಾಗ ನಾನು ಮೊದಲು ನೋಡುವುದೇ ಇದನ್ನು. ಕಿಟಕಿ ತೆರೆಯಲು ಬರುವುದಿಲ್ಲ, ಎರಡು ಪದರದ ದಪ್ಪ ಗಾಜು. ವಿಮಾನ ಕಾಣುತ್ತದೆ, ಸದ್ದು ಇಲ್ಲ. "ಗಾಳಿ ಆಡದೆ ಹೆಂಗೆ ಮಲಗೋದೇ?" ಅಂತ ಅಮ್ಮನ ತಕರಾರು. ಹೇಳಿ ಮುಗಿಸುವಷ್ಟರಲ್ಲಿ ಗೊರಕೆ.

ಸಂಜೆ ಊರೊಳಗೆ ಒಂದು ಸುತ್ತು. ಎಂಟು ಗಂಟೆಯಾದರೂ ಬೆಳಕು. ದಕ್ಷಿಣ ಅಮೆರಿಕದ, ಒಂದು ಕಾಲಕ್ಕೆ ಡಚ್ಚರ ವಸಾಹತಾಗಿದ್ದ ಸುರಿನಾಮ್ ಮೂಲದವರ ಒಂದು ಚಿಕ್ಕ ರೋಟಿ ಅಂಗಡಿ ಸಿಕ್ಕಿತು. ಇವರ ಅಜ್ಜ ಮುತ್ತಜ್ಜಂದಿರನ್ನು ಬ್ರಿಟಿಷರ ಕಾಲದಲ್ಲಿ ಬಿಹಾರ, ಉತ್ತರ ಪ್ರದೇಶದ ಕಡೆಯಿಂದ ಕೂಲಿಗೆ ಅಂತ ಅಲ್ಲಿಗೆ ಸಾಗಿಸಿದ್ದು. ಅಲ್ಲಿಂದ ಮಕ್ಕಳು ಮೊಮ್ಮಕ್ಕಳು ನೆದರ್‌ಲ್ಯಾಂಡ್ಸ್‌ಗೆ ಬಂದರು. ಅಲಸಂದೆ ಪಲ್ಯ, ಆಲೂಗಡ್ಡೆ, ಮೆತ್ತನೆ ರೋಟಿ. ಹೋಟೆಲ್‌ನ ರೆಸ್ಟೋರೆಂಟ್‌ಗಿಂತ ಎಷ್ಟೋ ಅಗ್ಗ. ಹೆದ್ದಾರಿ ಪಕ್ಕದ ಬಯಲಿನ ಹೋಟೆಲ್ ಆಗಿದ್ದರೆ ಈ ಸುಖ ಇರುತ್ತಿರಲಿಲ್ಲ. ಅಲ್ಲಿ ಉಳಿದವರು ಅಲ್ಲೇ ಊಟ ಮಾಡಬೇಕು, ಅವರು ಹೇಳಿದ್ದೇ ದರ. ಅಣ್ಣನ ಆಯ್ಕೆಗೆ ಇಲ್ಲಿ ಒಂದು ಅಂಕ ಕೊಟ್ಟೆ.

ಗುರುವಾರ

ಗೆಳೆಯ ರಜೆ ಹಾಕಿ ಕಾರು ತಂದ. ಆಮ್‌ಸ್ಟರ್‌ಡ್ಯಾಮ್ ಒಳಗೆ ಹೋದರೆ ನಡಿಗೆ ಜಾಸ್ತಿ, ಕಾರು ನಿಲ್ಲಿಸಲು ಜಾಗ ಇಲ್ಲ. ಹಾಗಾಗಿ ಸ್ಕಿಪೋಲ್ ಸುತ್ತಮುತ್ತಲೇ ನೋಡೋಣ ಅಂದ. ಏರ್‌ಪೋರ್ಟ್ ಸುತ್ತ ನೋಡುವುದು ಏನಿರುತ್ತದೆ ಅಂತ ನಾನು ಅಂದುಕೊಂಡಿದ್ದೆ.

ಮೊದಲು ಬಾದ್‌ಹೂವೆಡಾರ್ಪ್. ಅಲ್ಲಿನ ಕೊರೆಂಡಾನ್ ಹೋಟೆಲ್‌ನ ಅಂಗಳದಲ್ಲಿ ನಿಜವಾದ ಬೋಯಿಂಗ್ 747 ನಿಂತಿದೆ. ಕೆಎಲ್‌ಎಂನ ಹಳೆಯ ವಿಮಾನ. 2019ರ ಫೆಬ್ರವರಿಯಲ್ಲಿ ಸ್ಕಿಪೋಲ್‌ನಿಂದ ಹನ್ನೆರಡೂವರೆ ಕಿಲೋಮೀಟರ್ ದೂರ, ಹೊಲ, ಹಳ್ಳ, ಎ9 ಹೆದ್ದಾರಿ ಎಲ್ಲ ದಾಟಿಸಿ, ದೊಡ್ಡ ಟ್ರೇಲರ್ ಮೇಲೆ ಎಳೆದು ತಂದರಂತೆ. ಅಣ್ಣ ಹತ್ತಾರು ಫೋಟೊ ತೆಗೆದ. ಬರುವಾಗ ಇಲ್ಲೇ ಉಳಿಯಬಹುದಿತ್ತು ಅಂತ ರಾಗ ತೆಗೆದ. ಮಕ್ಕಳಿದ್ದರೆ ಉಳಿಯಬಹುದು. ಅಲ್ಲಿಂದಲೂ ಟರ್ಮಿನಲ್‌ಗೆ ಗಾಡಿಯೇ ಬೇಕಲ್ಲ ಮಾರಾಯ ಅಂದೆ.

ಆಮೇಲೆ ಹೋಫ್ಡಾರ್ಪ್‌ನ ಉತ್ತರಕ್ಕೆ ಬೌಟನ್‌ಸ್ಕಾಟ್ ಅನ್ನುವ ಪಾರ್ಕ್. ನನಗೆ ಇಡೀ ದಿನದಲ್ಲಿ ಹಿಡಿಸಿದ್ದು ಇದೇ. ಸ್ಕಿಪೋಲ್‌ಗೆ ಆರು ರನ್‌ವೇ ಇವೆ. 2003ರಲ್ಲಿ ಪೋಲ್ಡರ್‌ಬಾನ್ ಅನ್ನುವ ಹೊಸದು ಶುರುವಾದ ಮೇಲೆ ಸುತ್ತಲಿನ ಜನಕ್ಕೆ ಒಂದು ರೀತಿಯ ಮಂದ್ರ ಗುಡುಗು ಕೇಳಲು ಶುರುವಾಯಿತು. ವಿಮಾನ ಮೇಲೇರುವಾಗ ನೆಲದ ಉದ್ದಕ್ಕೂ ಹರಿದು ಬರುವ ಸದ್ದು, ಗೋಡೆ ಕಟ್ಟಿದರೂ ನಿಲ್ಲುವುದಿಲ್ಲ. ಆದರೆ ಕೊಯ್ಲು ಮುಗಿದು ಹೊಲ ಉತ್ತ ಮೇಲೆ ಸದ್ದು ಕಡಿಮೆಯಾಗುತ್ತದೆ ಅಂತ ಅಲ್ಲಿನವರು ಗಮನಿಸಿದರು. ಉತ್ತ ಸಾಲುಗಳು ಸದ್ದನ್ನು ಚದುರಿಸುತ್ತವೆ. ಅದನ್ನೇ ದೊಡ್ಡದಾಗಿ ಮಾಡಿ, ಪೌಲ್ ಡಿ ಕಾರ್ಟ್ ಅನ್ನುವ ಕಲಾವಿದನ ವಿನ್ಯಾಸದಲ್ಲಿ, 2013ರಲ್ಲಿ ಏರು ತಗ್ಗಿನ ಸಾಲುಗಳ ಪಾರ್ಕ್ ಕಟ್ಟಿದರು. ನೇರ ಗೆರೆ ಎಳೆದು ಕಡಿದ ಹುಲ್ಲಿನ ದಿಬ್ಬಗಳು, ನಡುವೆ ನಡೆಯುವ ದಾರಿ. ಅಮ್ಮ ಕಾರಿನಿಂದ ಇಳಿದು ನೋಡಿ, "ಇಷ್ಟು ಚೆಂದ ಏರಿ ಹಾಕಿ ಒಂದು ಶುಂಠಿಯೂ ನೆಟ್ಟಿಲ್ವಲ್ಲ" ಅಂದಳು. ಗೆಳೆಯ ಬಿದ್ದು ಬಿದ್ದು ನಕ್ಕ.

ಹೋಟೆಲ್ ಹುಡುಕುವವರಿಗೆ ಇಲ್ಲೊಂದು ಉಪಯೋಗದ ಮಾತು. ಗಾಳಿ ಯಾವ ಕಡೆ ಬೀಸುತ್ತದೆ ಅನ್ನುವುದರ ಮೇಲೆ ಯಾವ ರನ್‌ವೇ ಅಂತ ತೀರ್ಮಾನವಾಗುತ್ತದೆ. ಹಾಗಾಗಿ ಒಂದು ಹೋಟೆಲ್ ಬಗ್ಗೆ ಒಬ್ಬರು ನಿಶ್ಶಬ್ದ ಅಂತ, ಇನ್ನೊಬ್ಬರು ನಿದ್ದೆಯೇ ಬರಲಿಲ್ಲ ಅಂತ ಬರೆದರೆ ಇಬ್ಬರೂ ನಿಜವೇ ಹೇಳುತ್ತಿರಬಹುದು. ಸದ್ದಿನ ಬಗ್ಗೆ ಒಂದೆರಡು ಅಭಿಪ್ರಾಯ ಓದಿ ಹೋಟೆಲ್ ಬಿಡಬೇಡಿ.

ಮಧ್ಯಾಹ್ನ ಕ್ರೂಕಿಯಸ್ ಮ್ಯೂಸಿಯಂ. ನಾವು ಓಡಾಡುತ್ತಿದ್ದ ಜಾಗ, ಸ್ಕಿಪೋಲ್‌ನ ರನ್‌ವೇ, ಹೋಫ್ಡಾರ್ಪ್, ನಮ್ಮ ಹೋಟೆಲ್, ಎಲ್ಲ ಒಂದು ಕಾಲದಲ್ಲಿ ದೊಡ್ಡ ಸರೋವರ. ಸುಮಾರು 18 ಸಾವಿರ ಹೆಕ್ಟೇರ್. ಬಿರುಗಾಳಿ ಬಂದಾಗ ನೀರು ಆಮ್‌ಸ್ಟರ್‌ಡ್ಯಾಮ್ ಬಾಗಿಲಿಗೆ ಬರುತ್ತಿತ್ತಂತೆ. ಸುತ್ತ ಏರಿ ಕಟ್ಟಿ, ಮೂರು ಉಗಿ ಯಂತ್ರದ ಪಂಪ್‌ಹೌಸ್ ಹಾಕಿ, 1849ರಿಂದ 1852ರವರೆಗೆ ನೀರು ಎತ್ತಿ ಎತ್ತಿ ಸರೋವರ ಬತ್ತಿಸಿದರು. ಅದರಲ್ಲಿ ಒಂದು ಕ್ರೂಕಿಯಸ್. ಕೋಟೆಯ ಹಾಗಿರುವ ದುಂಡು ಕಟ್ಟಡ, ಅದರ ಗೋಡೆಯಿಂದ ಎಂಟು ಕಬ್ಬಿಣದ ತೊಲೆಗಳು ಹೊರಗೆ ಚಾಚಿವೆ, ಒಂದೊಂದು ತೊಲೆಯ ತುದಿಗೆ ಒಂದೊಂದು ಪಂಪು. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಮಾಡಿಸಿದ ಯಂತ್ರ. 1933ರಲ್ಲಿ ಕೆಲಸ ನಿಲ್ಲಿಸಿ ಮ್ಯೂಸಿಯಂ ಆಯಿತು. ಈಗ ತೋರಿಸಲಿಕ್ಕೆ ಅಂತ ನಿಧಾನಕ್ಕೆ ಓಡಿಸುತ್ತಾರೆ. ತೊಲೆ ಏಳುತ್ತದೆ, ಒಂದು ಗಳಿಗೆ ನಿಲ್ಲುತ್ತದೆ, ಇಳಿಯುತ್ತದೆ.

ಈ ಸುತ್ತಲಿನ ನೆಲ ಸಮುದ್ರ ಮಟ್ಟಕ್ಕಿಂತ ಮೂರು ನಾಲ್ಕು ಮೀಟರ್ ಕೆಳಗೆ ಅಂತ ಹೇಳಿದಾಗ ಅಮ್ಮ ನಂಬಲಿಲ್ಲ. ಈಗಲೂ ಪಂಪ್ ಓಡುತ್ತಲೇ ಇರಬೇಕು, ನಿಲ್ಲಿಸಿದರೆ ನೀರು ವಾಪಸ್ ಬರುತ್ತದೆ ಅಂದೆವು. ಅವಳ ತವರು ಶರಾವತಿ ಕಣಿವೆಯಲ್ಲಿ ಇತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಗದ್ದೆ, ತೋಟ, ಮನೆ ಎಲ್ಲ ನೀರಿನಡಿ ಹೋಯಿತು. ಆಗ ಅವಳು ಚಿಕ್ಕ ಹುಡುಗಿ. ತೊಲೆ ಏಳುವುದನ್ನೇ ನೋಡುತ್ತಾ, "ಇವರಿಗೆ ನೀರು ತೆಗೆಯೋದು ಗೊತ್ತಿತ್ತು ನೋಡು" ಅಂದಳು. ಆಮೇಲೆ ಇಲ್ಲಿ ಮೀನು ಹಿಡಿಯುತ್ತಿದ್ದವರು ಏನಾದರು ಅಂತ ಕೇಳಿದಳು. ಮೂವರಿಗೂ ಉತ್ತರ ಗೊತ್ತಿರಲಿಲ್ಲ.

ಸಂಜೆ ಹೋಟೆಲ್‌ಗೆ ಬಂದ ಕೂಡಲೇ ನಾನು ಮಾಡಿದ ಮೊದಲ ಕೆಲಸ, ರಿಸೆಪ್ಷನ್‌ನಲ್ಲಿ ಮರುದಿನದ ಶಟಲ್‌ಗೆ ಹೆಸರು ಬರೆಸಿದ್ದು. ಮೂರು ಜನ, ಮೂರು ದೊಡ್ಡ ಬ್ಯಾಗ್, ನಾಲ್ಕೂವರೆಯ ಗಾಡಿ. ತಿಂಡಿ ಶುರುವಾಗುವುದು ಆರೂವರೆಗೆ, ಹಾಗಾಗಿ ಕಟ್ಟಿ ಕೊಡಿ, ಹಂದಿ ಮಾಂಸ ಬೇಡ, ಮೊಟ್ಟೆ ಬೇಡ ಅಂತಲೂ ಬರೆಸಿದೆ. ಆ ಹುಡುಗಿ ಎಲ್ಲ ಬರೆದುಕೊಂಡಳು.

ಶುಕ್ರವಾರ

ನಾಲ್ಕೂಕಾಲಿಗೆ ಲಾಬಿ ತುಂಬಿತ್ತು. ಅಷ್ಟು ಹೊತ್ತಿಗೆ ಹೊರಗೆ ಕಗ್ಗತ್ತಲು, ಒಳಗೆ ಸಂತೆ. ವ್ಯಾನ್ ಬಂತು. ಎಂಟು ಸೀಟು. ಚಾಲಕ ಇಳಿದು ಹಾಳೆ ನೋಡಿ ಹೆಸರು ಕೂಗಿದ. ನಮ್ಮದು ಬಂತು. ನಮ್ಮ ಹಿಂದೆ ಐದು ಜನರ ಒಂದು ಕುಟುಂಬ, ಎರಡು ತಳ್ಳುಗಾಡಿ ಮಕ್ಕಳು, ಅವರು ಹೆಸರು ಬರೆಸಿರಲಿಲ್ಲ. ಬುಕಿಂಗ್‌ನಲ್ಲಿ ಶಟಲ್ ಇದೆ ಅಂತ ಇತ್ತಲ್ಲ ಅಂತ ಆ ಅಪ್ಪ ಮೊಬೈಲ್ ತೋರಿಸಿದ. ಇದೆ, ಮುಂದಿನದು ಐದಕ್ಕೆ, ಅದೂ ಭರ್ತಿ ಅಂದ ಚಾಲಕ. ಆ ತಾಯಿಯ ಮುಖ ಇನ್ನೂ ಕಣ್ಣ ಮುಂದೆ ಇದೆ. ಟ್ಯಾಕ್ಸಿ ಕರೆಯಿರಿ ಅಂತ ರಿಸೆಪ್ಷನ್‌ಗೆ ಓಡಿದರು. ಐದು ಜನಕ್ಕೆ ದೊಡ್ಡ ಟ್ಯಾಕ್ಸಿಯೇ ಬೇಕು, ಆ ಹೊತ್ತಿನಲ್ಲಿ ಅದು ತಕ್ಷಣ ಸಿಗುವುದೂ ಇಲ್ಲ. ಹೋಟೆಲ್ ಹೆಸರು ಹೇಳುವುದಿಲ್ಲ. ಶಟಲ್ ಇರುವ ಯಾವ ಹೋಟೆಲ್‌ನಲ್ಲೂ ಹೀಗೆ ಆಗಬಹುದು.

ರೈಲಿಗೆ ಹೋಗಬಹುದಿತ್ತಲ್ಲ ಅನ್ನಬಹುದು. ಸ್ಕಿಪೋಲ್‌ನಿಂದ ಆಮ್‌ಸ್ಟರ್‌ಡ್ಯಾಮ್, ಲೈಡನ್, ಹೇಗ್, ರಾಟರ್‌ಡ್ಯಾಮ್ ಕಡೆಗೆ ರಾತ್ರಿಯಿಡೀ ಗಂಟೆಗೊಂದರಂತೆ ರೈಲು ಇದೆ, ನಿಜ. ಆದರೆ ಹಗಲಲ್ಲಿ ಹತ್ತು ನಿಮಿಷಕ್ಕೆ ಸಿಗುವ ರೈಲು ಆ ಹೊತ್ತಿನಲ್ಲಿ ಎಲ್ಲ ಸ್ಟೇಷನ್‌ನಲ್ಲೂ ಸಿಗುವುದಿಲ್ಲ. ಜೊತೆಗೆ ಹೋಟೆಲ್‌ನಿಂದ ಸ್ಟೇಷನ್‌ವರೆಗೆ ನಡೆಯಬೇಕು. ಬೆಳಗಿನ ಮೊದಲ ವಿಮಾನ ಇರುವವರು ರೈಲು ಹತ್ತಿರ ಇದೆ ಅನ್ನುವುದನ್ನು ಹಗಲಿನ ಲೆಕ್ಕದಲ್ಲಿ ನೋಡಬಾರದು.

ವ್ಯಾನ್ ನೇರ ಟರ್ಮಿನಲ್‌ಗೆ ಹೋಗಲಿಲ್ಲ. ಇನ್ನೊಂದು ಹೋಟೆಲ್‌ನಲ್ಲಿ ನಿಂತು ಇಬ್ಬರನ್ನು ಹತ್ತಿಸಿಕೊಂಡಿತು. ಹತ್ತು ನಿಮಿಷದ ದಾರಿಗೆ ಇಪ್ಪತ್ತೈದು ನಿಮಿಷ. ನಮಗೆ ಸಮಯ ಇತ್ತು.

ಗೇಟ್ ಹತ್ತಿರ ಕೂತು ತಿಂಡಿ ಡಬ್ಬಿ ಬಿಚ್ಚಿದೆವು. ಸೇಬು, ರಸದ ಪೊಟ್ಟಣ, ಎರಡು ಬ್ರೆಡ್ ನಡುವೆ ಚೀಸ್. ಅಮ್ಮನ ಡಬ್ಬಿಯಲ್ಲಿ ಚೀಸ್ ಕೆಳಗೆ ಗುಲಾಬಿ ಬಣ್ಣದ ತೆಳು ಹಾಳೆ ಇಣುಕುತ್ತಿತ್ತು. ಹ್ಯಾಮ್. ಅಣ್ಣ ಮಾತಾಡದೆ ಅದನ್ನು ತಾನು ತಗೊಂಡು ತನ್ನದನ್ನು ಅವಳಿಗೆ ಕೊಟ್ಟ. ಅವಳು ಅದನ್ನೂ ಮುಟ್ಟಲಿಲ್ಲ. ಚೀಲದಿಂದ ಚಕ್ಕುಲಿ ತೆಗೆದಳು.

ಬರ್ಗನ್ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಮಳೆ, ಬೆಟ್ಟ, ಬಂದರಿನ ಮರದ ಮನೆಗಳು, ತಂಗಿಯ ಮಗು. ಆಗುಂಬೆಯ ಕಡೆಯವರಿಗೂ ಸಾಕಪ್ಪ ಅನ್ನಿಸುವಷ್ಟು ಮಳೆ.

ಮುಂದಿನ ವಾರ, ಗುರುವಾರ ರಾತ್ರಿ

ಬರ್ಗನ್‌ನಿಂದ ವಿಮಾನ ತಡವಾಗಿ ಹೊರಟಿತು. ಇಳಿದದ್ದು ಪೋಲ್ಡರ್‌ಬಾನ್‌ನಲ್ಲಿ. ಇದು ಟರ್ಮಿನಲ್‌ನಿಂದ ಎಷ್ಟು ದೂರ ಅಂದರೆ, ಇಳಿದ ಮೇಲೆ ವಿಮಾನ ಹೆದ್ದಾರಿಯ ಮೇಲಿನ ಸೇತುವೆಯನ್ನೂ ದಾಟಿ ಕಾಲು ಗಂಟೆ ಉರುಳುತ್ತಲೇ ಇರುತ್ತದೆ. ಇನ್ನೂ ನಾರ್ವೆಯಿಂದ ರಸ್ತೆಯಲ್ಲೇ ಬರುತ್ತಿದ್ದೇವಾ ಅಂತ ಅಮ್ಮ ಕೇಳಿದಳು. ನಾರ್ವೆಯೂ ಷೆಂಗೆನ್ ಒಳಗೇ ಇರುವುದರಿಂದ ಪಾಸ್‌ಪೋರ್ಟ್ ಸಾಲು ಇಲ್ಲ. ಬ್ಯಾಗ್ ಬರುವ ಹೊತ್ತಿಗೆ ಹನ್ನೊಂದು ದಾಟಿತ್ತು.

ಸ್ಕಿಪೋಲ್‌ನಲ್ಲಿ ನಡೆದೇ ತಲುಪುವ ಹೋಟೆಲ್‌ಗಳು ಬೆರಳೆಣಿಕೆಯಷ್ಟು. ಷೆರಟಾನ್ ಮತ್ತು ಹಿಲ್ಟನ್‌ಗೆ ಚಾವಣಿ ಇರುವ ದಾರಿಯೇ ಇದೆ, ಸಿಟಿಜನ್‌ಎಂ ಹೊರಗಿನಿಂದ ಐದು ನಿಮಿಷ. ಹಿಲ್ಟನ್‌ನ ಕಟ್ಟಡ ನೋಡಲೂ ಚೆಂದ, ವಜ್ರಾಕಾರದ ಚೌಕಗಳ ಗೋಡೆ, ಮೂಲೆಗಳೆಲ್ಲ ದುಂಡು, 2015ರಲ್ಲಿ ತೆರೆದದ್ದು. ಇವುಗಳಲ್ಲಿ ಒಂದರಲ್ಲಿ ನಮ್ಮ ಕೋಣೆ. ಎರಡು ಕೋಣೆ ಹಿಡಿಯಬೇಕಾಯಿತು, ಬಾಡಿಗೆ ಹೋಫ್ಡಾರ್ಪ್‌ನ ಎರಡರಷ್ಟಕ್ಕಿಂತ ಜಾಸ್ತಿ. ದರ ನೋಡಿದ ದಿನ ಅಣ್ಣ ಆ ದುಡ್ಡಿಗೆ ಎಷ್ಟು ಕ್ವಿಂಟಲ್ ಗೊಬ್ಬರ ಬರುತ್ತದೆ ಅಂತ ಲೆಕ್ಕ ಹೇಳಿದ್ದ.

ನಡೆಯುವ ದಾರಿ ಸಮತಟ್ಟು, ಬೆಳಕು ಇದೆ, ಗಾಳಿ ಇಲ್ಲ. ಅಲ್ಲಲ್ಲಿ ಚಲಿಸುವ ಪಟ್ಟಿ ಇದೆ. ಅಮ್ಮ ನಡುವೆ ನಿಂತು ನಿಂತು ಬಂದಳು. ಯಾರೂ ಹೆಸರು ಕೂಗಲಿಲ್ಲ, ಹಾಳೆ ಹಿಡಿದು ನಿಲ್ಲಲಿಲ್ಲ, ನಮ್ಮ ವಿಮಾನ ತಡವಾದದ್ದಕ್ಕೆ ಕೊನೆಯ ಶಟಲ್ ತಪ್ಪಿತಾ ಅಂತ ಗಡಿಯಾರ ನೋಡಲಿಲ್ಲ. ಲಾಬಿಯಲ್ಲಿ ಗೆಳೆಯ ಕೂತಿದ್ದ. ತಡವಾಗುತ್ತದೆ, ಬರಬೇಡ ಅಂತ ಮೆಸೇಜ್ ಹಾಕಿದ್ದರೂ ಹೆಂಡತಿ ಮಾಡಿಕೊಟ್ಟ ಪುಳಿಯೋಗರೆ, ಮೊಸರನ್ನ ಹಿಡಿದು ಬಂದಿದ್ದ. ಐದು ನಕ್ಷತ್ರದ ಹೋಟೆಲ್‌ನ ಬಿಳಿ ಹೊದಿಕೆಯ ಮೇಲೆ ಪೇಪರ್ ಹಾಸಿಕೊಂಡು ಉಂಡೆವು. ಅಲ್ಲಿ ಒಂದು ಕಾಫಿಗೆ ಎಷ್ಟು ಅಂತ ಅಣ್ಣ ಮೆನುವಿನಲ್ಲಿ ನೋಡಿ, ಮೆನುವನ್ನು ಮಗುಚಿ ಇಟ್ಟ.

ಶುಕ್ರವಾರ

ವಿಮಾನ ಮಧ್ಯಾಹ್ನದ ಹತ್ತಿರ. ಎಂಟಕ್ಕೆ ಎದ್ದೆವು, ಬಿಸಿನೀರಲ್ಲಿ ಸ್ನಾನ, ಕೆಟಲ್‌ನಲ್ಲಿ ಚಹಾ, ಉಳಿದ ಅವಲಕ್ಕಿ. ತಿಂಡಿ ಸೇರಿಸದ ದರಕ್ಕೇ ಕೋಣೆ ಹಿಡಿದಿದ್ದೆ. ಇಂಥ ಹೋಟೆಲ್‌ನಲ್ಲಿ ಮೂವರ ತಿಂಡಿಯ ದುಡ್ಡಿಗೆ ಪ್ಲಾಜಾದಲ್ಲಿ ಎರಡು ಹೊತ್ತು ತಿನ್ನಬಹುದು. ಒಂಬತ್ತಕ್ಕೆ ಕೌಂಟರ್‌ನಲ್ಲಿ ಇದ್ದೆವು.

ಗೇಟಿನಲ್ಲಿ ಅಣ್ಣ ಶೀಟ್ ತೆಗೆದು ಲೆಕ್ಕ ಹಾಕಲು ಕೂತ. ಹೋಫ್ಡಾರ್ಪ್‌ನ ಕಡೆ ಶಟಲ್ ದುಡ್ಡು, ಬೇಗ ಕೋಣೆ ಕೊಟ್ಟದ್ದಕ್ಕೆ ಕೊಟ್ಟದ್ದು, ತಿಂಡಿ ಡಬ್ಬಿ ಎಲ್ಲ ಸೇರಿಸಿದ. ಆದರೂ ಅದೇ ಅಗ್ಗ. "ನೋಡೇ" ಅಂತ ಮೊಬೈಲ್ ತಿರುಗಿಸಿದ. ಎರಡು ಹಗಲು ಊರು ನೋಡಿಕೊಂಡು ಇರುವುದಾದರೆ ನಾನೂ ಅಲ್ಲೇ ಹೋಗುತ್ತೇನೆ. ಆದರೆ ಸುಮ್ನೆ ತಲೆ ಇಟ್ಟು ಏಳಲಿಕ್ಕೆ ಒಂದು ರಾತ್ರಿ ಅಂದರೆ, ಅದರಲ್ಲೂ ತಡರಾತ್ರಿ ಇಳಿದು ಜೊತೆಗೆ ವಯಸ್ಸಾದವರು ಇದ್ದರೆ, ನಾನು ನಡೆದು ಹೋಗುವ ಹೋಟೆಲ್‌ಗೇ ದುಡ್ಡು ಹಾಕುವವಳು. "ನಿನ್ನ ಶೀಟಿನಲ್ಲಿ ಆ ವ್ಯಾನಿನ ಮೆಟ್ಟಿಲಿಗೆ ಕಾಲಂ ಇಲ್ಲ ಮಾರಾಯ" ಅಂದೆ. ಅವನು ಫೈಲ್ ಮುಚ್ಚಿದ.

ಬೆಂಗಳೂರಿಗೆ ಇಳಿದಾಗ ನಡುರಾತ್ರಿ ಕಳೆದಿತ್ತು. ಎರಡನೇ ಟರ್ಮಿನಲ್‌ನಲ್ಲೇ ತಂಗುವ ಹೋಟೆಲ್ ಇದೆ, ಬೆಳಗಿನವರೆಗೆ ಮಲಗಿ ಹೋಗೋಣ ಅಂತ ನಾನು ಹೇಳಿದೆ. ಅಣ್ಣ ಆಗಲೇ ಸಾಗರದಿಂದ ಕಾರು ಕರೆಸಿದ್ದ. ಡ್ರೈವರ್ ಪಾರ್ಕಿಂಗ್‌ನಲ್ಲಿ ಸೀಟು ಹಿಂದಕ್ಕೆ ಬಾಗಿಸಿಕೊಂಡು ಮಲಗಿದ್ದ, ಗಾಜು ತಟ್ಟಿ ಎಬ್ಬಿಸಬೇಕಾಯಿತು. ಅಮ್ಮ ಮುಂದಿನ ಸೀಟಿನಲ್ಲಿ ಕೂತು, ಚಪ್ಪಲಿ ಬಿಟ್ಟು, ಕಿಟಕಿ ಪೂರ್ತಿ ಇಳಿಸಿ, ತುಮಕೂರು ದಾಟುವ ತನಕ ಯಾರೂ ಹಾಕಬೇಡಿ ಅಂದಳು.